ಕೂಳೂರು ಸಂಕದ ಟ್ರಾಫಿಕ್ಕಿನಲ್ಲಿ ‘ಪೇನ್ ರಿಮೇನ್ಸ್’

ಡೆತ್‌ಕೋರ್ ಎಂಬ ಗುಟುರು-ಕಿರುಚಾಟದ ಮೆಟಲ್ ಸಂಗೀತ ಅಂದರೆ ನನಗೆ ಅಷ್ಟಕ್ಕಷ್ಟೆ. ಇವತ್ತಿಗೂ ಹಾಗೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರೆಯುತ್ತಿರುವುದು ಒಂದು ಡೆತ್‌ಕೋರ್ ಆಲ್ಬಮ್ಮಿನ ಬಗ್ಗೆ, ಅದರಲ್ಲೂ ಹೆಚ್ಚಿನದು ಹೊಗಳಿಕೆಯೇ. ಹಳೇ ಗೆಳೆಯರು ಯಾರಾದರೂ ಓದಿದರೆ "ಇವನಿಗೂ ತಲೆ ಕೆಟ್ಟಿತು" ಅಂದುಕೊಳ್ಳಬೇಡಿ. ಪೂರ್ತಿ ಓದಿ, ಬೈಗುಳವೂ ಇದೆ.

ಆಲ್ಬಮ್ಮಿನ ಹೆಸರು ‘ಪೇನ್ ರಿಮೇನ್ಸ್’. ಮಾಡಿದವರು ಲೋರ್ನಾ ಶೋರ್, ಅಮೆರಿಕದ ನ್ಯೂಜೆರ್ಸಿಯ ಬ್ಯಾಂಡು. 2022ರ ಅಕ್ಟೋಬರ್ 14ಕ್ಕೆ ಸೆಂಚುರಿ ಮೀಡಿಯಾ ಲೇಬಲ್ಲಿನಿಂದ ಬಂತು. ಹತ್ತು ಹಾಡು, ಒಟ್ಟು ಒಂದು ಗಂಟೆಗಿಂತ ಚೂರು ಜಾಸ್ತಿ. ಲೋರ್ನಾ ಶೋರ್ ಅನ್ನುವುದು ಬ್ಯಾಟ್‌ಮ್ಯಾನ್ ಕಾಮಿಕ್ಸಿನಲ್ಲಿ ಬರುವ ಒಬ್ಬ ಹುಡುಗಿಯ ಹೆಸರು. ಇಷ್ಟು ಗಲಾಟೆ ಮಾಡುವವರಿಗೆ ಅದ್ಯಾಕೆ ಆ ಹೆಸರು ಹಿಡಿಸಿತೋ.

ನನ್ನ ತಕರಾರು ಏನೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಕ್ಯಾಸೆಟ್ ಕಾಲದವನು. ತೊಂಬತ್ತರ ದಶಕದ ಮಂಗಳೂರಿನಲ್ಲಿ ಮೆಟಾಲಿಕಾ, ಮೆಗಾಡೆತ್, ಐರನ್ ಮೇಡನ್ ಹಂಪನಕಟ್ಟೆಯ ಅಂಗಡಿಗಳಲ್ಲಿ ಸಿಗುತ್ತಿದ್ದವು. ಅದಕ್ಕಿಂತ ಆಚೆಯದ್ದು ಬೇಕಿದ್ದರೆ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇದ್ದ ಯಾರಾದರೂ ಕಾಪಿ ಮಾಡಿ ಕೊಡಬೇಕು. ಡೆತ್, ಮಾರ್ಬಿಡ್ ಏಂಜೆಲ್, ಸಫೊಕೇಶನ್ ಥರದ ಡೆತ್ ಮೆಟಲ್ ಬ್ಯಾಂಡುಗಳೆಲ್ಲ ನನ್ನ ಕೈಗೆ ಬಂದದ್ದು ಹಾಗೆ. ಖಾಲಿ ಕ್ಯಾಸೆಟ್ಟಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ಹೆಸರು ಬಿಟ್ಟರೆ ಕವರೂ ಇಲ್ಲ, ಲಿರಿಕ್ಸೂ ಇಲ್ಲ. ಮಳೆಗಾಲದಲ್ಲಿ ಟೇಪಿಗೆ ಫಂಗಸ್ ಹಿಡಿಯುವುದು ಇನ್ನೊಂದು ಗೋಳು. ನಮ್ಮೂರಿನ ಸೆಕೆಯಲ್ಲಿ ಏಪ್ರಿಲ್ ತಿಂಗಳಲ್ಲೂ ಕಪ್ಪು ಟೀಶರ್ಟ್ ಹಾಕಿಕೊಂಡು ಓಡಾಡಿದ ಜನ ನಾವು. 2007ರ ಮಾರ್ಚಿನಲ್ಲಿ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಶಿರಾಡಿ ಘಾಟಿಯ ಹೊಂಡಗಳಲ್ಲಿ ರಾತ್ರಿಯಿಡೀ ಕುಲುಕಿಕೊಂಡು ಹೋಗಿದ್ದೆವು. ಬೆನ್ನು ನೋವು ಇಳಿಯುವ ಮೊದಲೇ ಮೈದಾನದ ಕೆಂಪು ಧೂಳು ಕುಡಿದು ವಾಪಸ್ ಬಸ್ಸು ಹತ್ತಿದ್ದು.

ಅದೇ ವರ್ಷ ಸೂಯಿಸೈಡ್ ಸೈಲೆನ್ಸ್ ಎಂಬ ಡೆತ್‌ಕೋರ್ ಬ್ಯಾಂಡಿನ ‘ದ ಕ್ಲೆನ್ಸಿಂಗ್’ ಬಂತು. ಅದಕ್ಕೆ ಎರಡು ವರ್ಷ ಮೊದಲು ಜಾಬ್ ಫಾರ್ ಎ ಕೌಬಾಯ್ ಬ್ಯಾಂಡು ‘ಡೂಮ್’ ಎಂಬ ಇಪಿ (ಸಣ್ಣ ಆಲ್ಬಮ್) ತಂದಿತ್ತು. ಮೈಸ್ಪೇಸ್ ಎಂಬ ವೆಬ್‌ಸೈಟಿನ ಕಾಲ. ಕಣ್ಣು ಮುಚ್ಚುವ ಹಾಗೆ ಕೂದಲು ಬಿಟ್ಟ, ಬಿಗಿ ಪ್ಯಾಂಟು ಹಾಕಿದ ಹುಡುಗರು ನಮ್ಮ ಡೆತ್ ಮೆಟಲ್ಲಿಗೆ ಹಾರ್ಡ್‌ಕೋರ್ ಎಂಬ ಪಂಕ್ ಸಂಗೀತ ಬೆರೆಸುತ್ತಿದ್ದಾರೆ ಎಂದು ನಮಗೆ ಸಿಟ್ಟು. ಕೂದಲಿನ ಮೇಲಿನ ಸಿಟ್ಟು ಈಗ ಇಲ್ಲ, ನನ್ನ ತಲೆಯಲ್ಲೇ ಈಗ ಅಷ್ಟು ಉಳಿದಿಲ್ಲ. ಆದರೆ ಬ್ರೇಕ್‌ಡೌನ್ ಮೇಲಿನ ಸಿಟ್ಟು ಹಾಗೇ ಇದೆ.

ಬ್ರೇಕ್‌ಡೌನ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಾಡು ಜೋರಾಗಿ ಓಡುತ್ತಾ ಇರುವಾಗ ಒಮ್ಮೆಲೇ ಅರ್ಧ ವೇಗಕ್ಕೆ ಇಳಿಯುತ್ತದೆ. ಗಿಟಾರ್, ಬೇಸ್, ಡ್ರಮ್ ಮೂರೂ ಸೇರಿ ಒಂದೇ ಪೆಟ್ಟು ಹಾಕುತ್ತವೆ. ಆಮೇಲೆ ಚೂರು ಖಾಲಿ. ಮತ್ತೆ ಪೆಟ್ಟು. ಸ್ಟೇಜಿನ ಎದುರಿರುವವರು ಕೈಕಾಲು ಬೀಸಿ ಕುಣಿಯಲಿ ಅಂತಲೇ ನ್ಯೂಯಾರ್ಕಿನ ಹಾರ್ಡ್‌ಕೋರ್ ಬ್ಯಾಂಡುಗಳು ಬೆಳೆಸಿದ್ದು ಇದು. ಡೆತ್ ಮೆಟಲ್ಲಿಗೂ ಹೊಸತಲ್ಲ. ಅದೇ ನ್ಯೂಯಾರ್ಕಿನ ಸಫೊಕೇಶನ್ 1991ರಲ್ಲೇ ‘ಎಫಿಜಿ ಆಫ್ ದ ಫರ್ಗಾಟನ್’ನಲ್ಲಿ ಇಂಥ ಭಾರದ ಪೆಟ್ಟುಗಳನ್ನು ಹಾಕಿತ್ತು. ಆದರೆ ಅಲ್ಲಿ ಪೆಟ್ಟು ಬರುವಷ್ಟರಲ್ಲಿ ನಾಲ್ಕೈದು ರಿಫ್ (ಗಿಟಾರಿನಲ್ಲಿ ಮತ್ತೆಮತ್ತೆ ಬರುವ ತುಣುಕು) ಆಗಿ ಹೋಗಿರುತ್ತಿತ್ತು. ಹಾಡು ಕಷ್ಟಪಟ್ಟು ಆ ಜಾಗಕ್ಕೆ ಬಂದು ಸೇರುತ್ತಿತ್ತು. ಡೆತ್‌ಕೋರಿನಲ್ಲಿ ಆದದ್ದು ಏನೆಂದರೆ, ಮೊದಲು ಬ್ರೇಕ್‌ಡೌನ್ ಮಾಡಿಟ್ಟು ಆಮೇಲೆ ಅದರ ಸುತ್ತ ಹಾಡು ಕಟ್ಟಿದ ಹಾಗೆ ಕೇಳತೊಡಗಿತು. ಯಾವ ಬ್ಯಾಂಡಿನದ್ದು ಯಾವುದು ಅಂತಲೇ ಗೊತ್ತಾಗುವುದಿಲ್ಲ. ವೈಟ್‌ಚ್ಯಾಪೆಲ್, ಕೆನಡಾದ ಡಿಸ್ಪೈಸ್ಡ್ ಐಕಾನ್ ಥರದ ಕೆಲವರನ್ನು ಬಿಟ್ಟು ಉಳಿದವರನ್ನು ನಾನು ಅಲ್ಲಿಗೇ ಕೈಬಿಟ್ಟೆ.

ಲೋರ್ನಾ ಶೋರ್ ನನ್ನ ತನಕ ಬಂದದ್ದು ಅಕ್ಕನ ಮಗನಿಂದ. ಅವನು ಇಂಜಿನಿಯರಿಂಗ್ ಓದುತ್ತಿದ್ದವ. ಮನೆಯಲ್ಲಿ ಮೆಟಲ್ ಕೇಳುವವರು ನಾವಿಬ್ಬರೇ, ಹಾಗಾಗಿ ಜಗಳಕ್ಕೂ ನಾವಿಬ್ಬರೇ. 2021ರಲ್ಲಿ ‘ಟು ದ ಹೆಲ್‌ಫೈರ್’ ಹಾಡಿನ ಲಿಂಕ್ ಕಳಿಸಿದ. ಟಿಕ್‌ಟಾಕಿನಲ್ಲಿ ಆ ಹಾಡು ಹುಚ್ಚು ಹಿಡಿಸಿತ್ತಂತೆ. ನಮ್ಮಲ್ಲಿ 2020ರಲ್ಲೇ ಟಿಕ್‌ಟಾಕ್ ಬ್ಯಾನ್ ಆದ ಕಾರಣ ಅವನಿಗೆ ಅದು ಸಿಕ್ಕಿದ್ದು ಯೂಟ್ಯೂಬಿನ ರಿಯಾಕ್ಷನ್ ವಿಡಿಯೋಗಳಿಂದ. ಹಾಡಿನ ಕೊನೆಯ ಬ್ರೇಕ್‌ಡೌನಿನಲ್ಲಿ ಗಾಯಕ ವಿಲ್ ರಾಮೋಸ್ ಗಂಟಲಿನಿಂದ ತೆಗೆಯುವ ಶಬ್ದಕ್ಕೆ ಕೇಳುತ್ತಾ ಕೂತವರು ಕುರ್ಚಿಯಿಂದ ಏಳುತ್ತಾರೆ, ಬಾಯಿಗೆ ಕೈ ಹಿಡಿಯುತ್ತಾರೆ. ಎಲ್ಲ ವಿಡಿಯೋದಲ್ಲೂ ಅದೇ ಜಾಗದಲ್ಲಿ ಅದೇ ಮುಖ. ನನಗೆ ಅದು ಸರ್ಕಸ್ ಅನ್ನಿಸಿತು. ಈಗ ಕೇಳಿದರೂ ಆ ಭಾಗ ಸರ್ಕಸ್ಸೇ. ಒಳ್ಳೇ ಸರ್ಕಸ್ಸು, ಆದರೂ ಸರ್ಕಸ್ಸು.

"ಮಾವ, ಅದನ್ನು ಬಿಡಿ. ‘ಪೇನ್ ರಿಮೇನ್ಸ್’ ಕೇಳಿ. ಎಂಟನೇ ಹಾಡಿನಿಂದ ಶುರು ಮಾಡಿ, ಆಮೇಲೆ ಬೈಯಿರಿ" ಅಂದ ಅವನು, ತುಂಬಾ ಸಮಯದ ನಂತರ. ಆಲ್ಬಮ್ಮನ್ನು ನಡುವಿನಿಂದ ಕೇಳುವುದು ನಮ್ಮ ಕಾಲದ ಪ್ರಕಾರ ಪಾಪ. ಕ್ಯಾಸೆಟ್ಟಿನಲ್ಲಿ ಹಾಗೆ ಮಾಡಲು ಆಗುತ್ತಲೂ ಇರಲಿಲ್ಲ. ಆದರೂ ಕೇಳಿದೆ.

ತುಳುವರ ಪತ್ತನಾಜೆ, ಅಂದರೆ ಮೇ ಕೊನೆ, ಕಳೆದು ಮಳೆ ಹಿಡಿದ ದಿನಗಳು. ಸುರತ್ಕಲ್ಲಿನಿಂದ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹೋಗುವ ಸಿಟಿ ಬಸ್ಸು. ಬೈಕಂಪಾಡಿ ದಾಟಿ ಪಣಂಬೂರು ಬರುವಷ್ಟರಲ್ಲಿ ಲಾರಿಗಳ ಸಾಲು, ಕೂಳೂರು ಸಂಕದಲ್ಲಿ ಎಲ್ಲ ಸ್ತಬ್ಧ. ಕಿಟಕಿಯ ಶಟರ್ ಎಳೆದು ಒಳಗೆ ಉಸಿರು ಕಟ್ಟುವ ಹಾಗೆ ಜನ. ಬಸ್ಸಿನ ಸ್ಪೀಕರಿನಲ್ಲಿ ಯಾವುದೋ ಹಿಂದಿ ಹಾಡು. ಇಯರ್‌ಫೋನ್ ಹಾಕಿ ‘ಪೇನ್ ರಿಮೇನ್ಸ್’ನ ಕೊನೆಯ ಮೂರು ಹಾಡು ಹಚ್ಚಿದೆ. ಈ ಮೂರೂ ಸೇರಿ ಒಂದೇ ಕಥೆ, ಸುಮಾರು ಇಪ್ಪತ್ತು ನಿಮಿಷ. ‘ಡ್ಯಾನ್ಸಿಂಗ್ ಲೈಕ್ ಫ್ಲೇಮ್ಸ್’, ‘ಆಫ್ಟರ್ ಆಲ್ ಐವ್ ಡನ್, ಐಲ್ ಡಿಸಪಿಯರ್’, ‘ಇನ್ ಎ ಸೀ ಆಫ್ ಫೈರ್’.

ಮೊದಲನೆಯದು ಮೆತ್ತಗೆ ಶುರುವಾಗುತ್ತದೆ. ಹಿಂದೆ ವಾದ್ಯವೃಂದ, ಮುಂದೆ ಒಂದು ಗಿಟಾರಿನ ಮಟ್ಟು. ಆ ಮಟ್ಟು ಕೇಳಿದ ಕೂಡಲೇ ನಾನು ಸರಿಯಾಗಿ ಕೂತುಕೊಂಡೆ. ಅದರಲ್ಲಿ ಹೆದರಿಸುವ ಉದ್ದೇಶವೇ ಇರಲಿಲ್ಲ. ಆಮೇಲೆ ಡ್ರಮ್ ಬರುತ್ತದೆ, ಕಿರುಚಾಟ ಬರುತ್ತದೆ, ಎಲ್ಲ ಬರುತ್ತದೆ, ಆದರೆ ಆ ಮಟ್ಟು ಅಡಿಯಲ್ಲಿ ಹರಿಯುತ್ತಲೇ ಇರುತ್ತದೆ. ಡ್ರಮ್ಮರ್ ಆಸ್ಟಿನ್ ಆರ್ಚಿ ಬ್ಲಾಸ್ಟ್ ಬೀಟ್ ಹೊಡೆಯುವಾಗ ಡ್ರಮ್ ಎಷ್ಟು ವೇಗ ಅಂದರೆ, ಒಂದೊಂದು ಪೆಟ್ಟು ಕೇಳಿಸುವುದು ನಿಂತು ಒಂದೇ ಸಮನೆ ಮೊರೆತ ಆಗುತ್ತದೆ. ಅದರ ಮೇಲೆ ಗಿಟಾರ್ ಮಾತ್ರ ನಿಧಾನಕ್ಕೆ, ಉದ್ದುದ್ದ ಸ್ವರಗಳಲ್ಲಿ ಹೋಗುತ್ತದೆ. ಕೆಳಗೆ ಓಟ, ಮೇಲೆ ಸಾವಕಾಶ. 1994ರಲ್ಲಿ ಎಂಪರರ್ ‘ಇನ್ ದ ನೈಟ್‌ಸೈಡ್ ಎಕ್ಲಿಪ್ಸ್’ನಲ್ಲಿ ಮಾಡಿದ್ದು, 1997ರಲ್ಲಿ ಡಿಮ್ಮು ಬೋರ್ಗಿರ್ ದೊಡ್ಡದು ಮಾಡಿದ್ದು ಇದನ್ನೇ ಅಲ್ವಾ? ನಾರ್ವೆಯ ಬ್ಲ್ಯಾಕ್ ಮೆಟಲ್ ಕೇಳಿ ಬೆಳೆದ ಕಿವಿಗೆ ಇಲ್ಲಿ ಪರಿಚಯದ ಮನೆ ಸಿಗುತ್ತದೆ.

ಆಮೇಲೆ ಬ್ರೇಕ್‌ಡೌನ್ ಬಂತು. ಬರುತ್ತದೆ ಎಂದು ಗೊತ್ತಿತ್ತು, ಮುಖ ಸಿಂಡರಿಸಲು ತಯಾರಾಗಿಯೇ ಇದ್ದೆ. ಹಾಡು ಅರ್ಧಕ್ಕೆ ಇಳಿಯಿತು. ಪೆಟ್ಟು, ಖಾಲಿ, ಪೆಟ್ಟು. ಆದರೆ ವಾದ್ಯವೃಂದ ನಿಲ್ಲಲಿಲ್ಲ. ಶೋಕದ ಆ ಸ್ವರಗಳು ಪೆಟ್ಟಿನ ಮೇಲೆ ಹಾಗೇ ಎಳೆದುಕೊಂಡು ಹೋದವು. ಇದಕ್ಕೆ ಯಾರೂ ಕೈಕಾಲು ಬೀಸಿ ಕುಣಿಯಲಿಕ್ಕಿಲ್ಲ. ಕುಣಿದರೂ ಅದು ಬೇರೆಯೇ ಕುಣಿತ. ಒಂದು ಖಾಲಿ ಜಾಗದಲ್ಲಿ ಸರಿಯಾಗಿ ಕಂಡಕ್ಟರನ ಸೀಟಿ, "ಪಿರ ಪೋಲೆ, ಪಿರ ಪೋಲೆ" (ಹಿಂದೆ ಹೋಗಿ) ಎಂಬ ಕೂಗು ಇಯರ್‌ಫೋನನ್ನು ದಾಟಿ ಒಳಗೆ ಬಂತು. ಮುಂದಿನ ಪೆಟ್ಟಿಗೆ ಅದು ಮುಚ್ಚಿಹೋಯಿತು.

ಮೂರನೆಯ ಹಾಡಿನ ಕೊನೆಯ ನಿಮಿಷಗಳಲ್ಲಿ ಇದೇ ಕೆಲಸ ಇನ್ನೂ ದೊಡ್ಡದಾಗಿ ಆಗುತ್ತದೆ. ಅಷ್ಟರಲ್ಲಿ ಕಥೆಯೂ ಕೈಗೆ ಸಿಕ್ಕಿರುತ್ತದೆ. ಒಬ್ಬ ಮನುಷ್ಯ ಕನಸಿನೊಳಗೆ ಎಚ್ಚರವಾಗುತ್ತಾನೆ. ಅಲ್ಲಿ ಅವನು ಹೇಳಿದ್ದೇ ಲೋಕ, ಅವನೇ ದೇವರು. ಬೇಕಾದದ್ದೆಲ್ಲ ಸೃಷ್ಟಿ ಮಾಡಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಅದೂ ಖಾಲಿ ಅನಿಸುತ್ತದೆ, ಪ್ರೀತಿಸಿದ ಜೀವವೂ ಉಳಿಯುವುದಿಲ್ಲ, ಕೊನೆಗೆ ಬೆಂಕಿ. ಬರೀ ಕಾಗದದ ಮೇಲೆ ಓದಿದರೆ ಕಾಲೇಜು ಮ್ಯಾಗಜಿನ್ನಿನ ಕಥೆ ಎನಿಸಬಹುದು. ಹಾಡಿನಲ್ಲಿ ಹಾಗನಿಸುವುದಿಲ್ಲ, ಯಾಕೆಂದರೆ ಹಾಡು ಕಥೆಗಿಂತ ಜಾಸ್ತಿ ತಾಳ್ಮೆಯಿಂದ ಹೋಗುತ್ತದೆ. ಇಷ್ಟು ವರ್ಷ ಡೆತ್‌ಕೋರ್ ಬ್ಯಾಂಡುಗಳು ಹೊಡೆದಾಟಕ್ಕೆ ಇಟ್ಟುಕೊಂಡಿದ್ದ ಆ ನಿಧಾನದ ಪೆಟ್ಟನ್ನು ಇವರು ಅಳುವಿಗೆ ಕೊಟ್ಟಿದ್ದಾರೆ. ಇಡೀ ಆಲ್ಬಮ್ಮಿನಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ. ಅದರ ವೇಗಕ್ಕೆ, ಅದರ ಕಿರುಚಾಟಕ್ಕೆ ಎರಡನೇ ಜಾಗ.

ಕಿರುಚಾಟದ ಬಗ್ಗೆಯೂ ಹೇಳಲೇಬೇಕು, ಇಲ್ಲದಿದ್ದರೆ ಅಕ್ಕನ ಮಗ ಬಿಡುವವನಲ್ಲ. ರಾಮೋಸ್ ತನ್ನ ಗಂಟಲೊಳಗೆ ಕ್ಯಾಮೆರಾ ಇಳಿಸಿಕೊಂಡು ಹಾಡಿ ತೋರಿಸಿದ ವಿಡಿಯೋ ಇದೆ. ನಾವು ಮಾತಾಡುವಾಗ ಅದುರುವ ಸ್ವರತಂತುಗಳ ಸ್ವಲ್ಪ ಮೇಲೆ ಇನ್ನೊಂದು ಜೊತೆ ಮಡಿಕೆ ಇರುತ್ತದೆ, ಫಾಲ್ಸ್ ಕಾರ್ಡ್ ಅನ್ನುತ್ತಾರೆ. ಗ್ರೌಲ್ (ಗುಟುರಿನ ಹಾಡಿಕೆ) ಮಾಡುವವರು ಅದನ್ನು ಅದುರಿಸುತ್ತಾರೆ. ಅಭ್ಯಾಸ ಮಾಡಿದವನಿಗೆ ಗಂಟಲು ಹರಿಯುವುದಿಲ್ಲ. ರಾಮೋಸ್ ತೀರಾ ಕೆಳಗಿನ ಗುಟುರಿನಿಂದ ತೀರಾ ಮೇಲಿನ ಕಿರುಚಿಗೆ ಒಂದೇ ಉಸಿರಿನಲ್ಲಿ ಹೋಗುತ್ತಾನೆ.

ಆದರೆ ಕರಾವಳಿಯವರಿಗೆ ರಾಕ್ಷಸನ ದನಿ ಅಂದರೆ ಅಳತೆಗೋಲು ಬೇರೆ ಇದೆ. ಕಟೀಲು ಯಕ್ಷಗಾನ ಮೇಳದ ‘ದೇವಿ ಮಹಾತ್ಮೆ’ಯಲ್ಲಿ ಮಹಿಷಾಸುರ ಬರುವುದನ್ನು ನೋಡಿದವರಿಗೆ ಗೊತ್ತು. ಅವನು ಚೌಕಿಯಿಂದ (ವೇಷ ಕಟ್ಟುವ ಜಾಗದಿಂದ) ನೇರ ರಂಗಸ್ಥಳಕ್ಕೆ ಬರುವುದಿಲ್ಲ. ಕೊಯ್ಲಾದ ಗದ್ದೆಯ ಆ ತುದಿಯ ಕತ್ತಲಲ್ಲಿ ಮೊದಲು ಅಬ್ಬರ ಕೇಳುತ್ತದೆ, ಮೈಕಿಲ್ಲದೆ. ಆಮೇಲೆ ದೊಂದಿ, ದೊಂದಿಗೆ ರಾಳದ ಪುಡಿ ಎರಚಿದಾಗ ಏಳುವ ಬೆಂಕಿ, ಆ ಬೆಳಕಿನಲ್ಲಿ ಬಣ್ಣದ ವೇಷ. ಜನರ ನಡುವೆಯೇ ದಾರಿ ಬಿಡಿಸಿಕೊಂಡು ಬರುತ್ತಾನೆ. ನಿದ್ದೆಯಲ್ಲಿದ್ದ ಮಕ್ಕಳು ಎದ್ದು ಅಮ್ಮನ ಸೆರಗು ಹಿಡಿಯುತ್ತಾರೆ. ಇಡೀ ರಾತ್ರಿಯ ಆಟದಲ್ಲಿ ಆ ಅಬ್ಬರ ಇರುವುದು ಕೆಲವೇ ಹೊತ್ತು. ಉಳಿದದ್ದು ಪದ, ಅರ್ಥ, ಕುಣಿತ. ಅಬ್ಬರ ಅಪರೂಪಕ್ಕೆ ಬರುವುದರಿಂದಲೇ ಅದಕ್ಕೆ ಹೆದರುತ್ತೇವೆ.

ರಾಮೋಸ್ ಒಂದು ಗಂಟೆ ಕಾಲ ಅಬ್ಬರ ಕೊಡುತ್ತಾನೆ. ನಾಲ್ಕನೇ ಹಾಡಿನ ಹೊತ್ತಿಗೆ ನಾನು ಹೆದರುವುದನ್ನು ಬಿಟ್ಟಿದ್ದೆ. ಹಾಗಾದರೆ ಮಾತ್ರ ಅವನ ದನಿಯ ಒಳಗಿನದ್ದು ಕೇಳಲು ಶುರುವಾಗುತ್ತದೆ ಎನ್ನುವುದೂ ನಿಜ. ಕೊನೆಯ ಮೂರು ಹಾಡಿನ ಟ್ರೈಲಜಿಯಲ್ಲಿ ಆ ದನಿ ಒಡೆಯುತ್ತದೆ. ಶಕ್ತಿ ತೋರಿಸುವುದನ್ನು ಬಿಟ್ಟು ಗೋಗರೆಯುತ್ತದೆ. ‘ಟು ದ ಹೆಲ್‌ಫೈರ್’ನ ಸರ್ಕಸ್ಸಿಗಿಂತ ನನಗೆ ಇದು ಹತ್ತು ಪಟ್ಟು ಕಷ್ಟದ ಕೆಲಸ ಅನಿಸುತ್ತದೆ.

ಈಗ ಬೈಗುಳ. ಆಲ್ಬಮ್ಮಿನ ಮೊದಲ ಏಳು ಹಾಡುಗಳಲ್ಲಿ ಎರಡಾದರೂ ಕಡಿಮೆ ಮಾಡಬಹುದಿತ್ತು. ‘ವೆಲ್ಕಮ್ ಬ್ಯಾಕ್, ಓ ಸ್ಲೀಪಿಂಗ್ ಡ್ರೀಮರ್’ ಒಳ್ಳೆಯ ಬಾಗಿಲು. ‘ಸನ್ ಈಟರ್’, ‘ಕರ್ಸ್ಡ್ ಟು ಡೈ’ ಎರಡರಲ್ಲೂ ಬಾಯಲ್ಲಿ ಗುನುಗುವಂಥ ಮಟ್ಟು ಇದೆ. ‘ಸೋಲ್‌ಲೆಸ್ ಎಕ್ಸಿಸ್ಟೆನ್ಸ್’ನಲ್ಲಿ ಆಡಮ್ ಡಿ ಮಿಕೋನ ಗಿಟಾರ್ ಸೋಲೋ ಕೇಳುವಾಗ ಮಾತ್ರ ಕ್ಯಾಸೆಟ್ ಕಾಲದ ನಾನು ಎದ್ದು ಕೂರುತ್ತೇನೆ. ಬೆರಳಿನ ವೇಗ ತೋರಿಸುವವರು ಬೇಕಾದಷ್ಟು ಜನ ಇದ್ದಾರೆ. ಸೋಲೋವನ್ನು ಎಲ್ಲಿಗೆ ಒಯ್ಯಬೇಕೆಂದು ಗೊತ್ತಿರುವವರು ಕಮ್ಮಿ, ಈತ ಗೊತ್ತಿರುವವ. ಆದರೆ ‘ಅಪೋಥಿಯೋಟಿಕ್ ಎಕ್ಸ್ಟಸಿ’ ಮುಗಿದು ‘ರಾತ್’ ಶುರುವಾದದ್ದು ಯಾವಾಗ ಎಂದು ಫೋನು ನೋಡಿಯೇ ಹೇಳಬೇಕು. ವಾದ್ಯವೃಂದದ ಏರು, ಬ್ಲಾಸ್ಟ್ ಬೀಟ್, ಚೂರು ಮಟ್ಟು, ಬ್ರೇಕ್‌ಡೌನ್, ಅದಕ್ಕಿಂತ ನಿಧಾನದ ಇನ್ನೊಂದು ಬ್ರೇಕ್‌ಡೌನ್. ಅಚ್ಚು ಒಂದೇ.

ಇನ್ನೊಂದು, ಸದ್ದು. ರೆಕಾರ್ಡಿಂಗ್ ಮಾಡಿದ್ದು ಜಾಶ್ ಶ್ರೋಡರ್. ಕೆಲಸ ಚೊಕ್ಕವಾಗಿದೆ, ಜಾಸ್ತಿಯೇ ಚೊಕ್ಕ. ಕೋರಸ್ಸು, ಪಿಟೀಲು, ಗಿಟಾರು, ಡ್ರಮ್ಮು ಎಲ್ಲವೂ ಒಂದೇ ಎತ್ತರದಲ್ಲಿ ಕಿವಿಗೆ ಒತ್ತುತ್ತವೆ. ಬೇಸ್ ಗಿಟಾರ್ ಹುಡುಕಬೇಕು. ಪೆಟ್ಟಿನ ನಡುವಿನ ಖಾಲಿಯಲ್ಲಿ ಒಂದು ಉಸಿರೋ, ತಂತಿಯ ಮೇಲೆ ಬೆರಳು ಜಾರಿದ ಸದ್ದೋ ಉಳಿಸಿದ್ದರೆ ಏನು ಹೋಗುತ್ತಿತ್ತು? ಡೆತ್ ಬ್ಯಾಂಡಿನ 1991ರ ‘ಹ್ಯೂಮನ್’ ಹಾಕಿ ನೋಡಿ. ಅಲ್ಲಿ ನಾಲ್ಕು ಜನ ಒಂದು ಕೋಣೆಯಲ್ಲಿ ನುಡಿಸುತ್ತಿದ್ದಾರೆ ಅನಿಸುತ್ತದೆ. ಇಲ್ಲಿ ಕೋಣೆಯೇ ಇಲ್ಲ.

ಬ್ಯಾಂಡಿನ ಹಿಂದಿನ ಕಥೆ ಗೊತ್ತಿದ್ದರೆ ಆಲ್ಬಮ್ಮಿನ ಶೋಕಕ್ಕೆ ಬೇರೆ ಬೆಳಕು ಬೀಳುತ್ತದೆ. 2019ರ ಕೊನೆಗೆ, ‘ಇಮ್ಮಾರ್ಟಲ್’ ಎಂಬ ಆಲ್ಬಮ್ ಹೊರಬರುವ ಹೊತ್ತಿಗೆ ಸರಿಯಾಗಿ ಆಗಿನ ಗಾಯಕನ ಮೇಲೆ ಆರೋಪಗಳು ಬಂದು ಅವನನ್ನು ಕೈಬಿಟ್ಟರು. ಹೋದವನ ದನಿಯಲ್ಲೇ ಆಲ್ಬಮ್ 2020ರ ಜನವರಿಯಲ್ಲಿ ಬಂತು. ಹಿಂದೆಯೇ ಕೋವಿಡ್, ಟೂರಿಲ್ಲ, ಏನಿಲ್ಲ. ರಾಮೋಸ್ ಖಾಯಂ ಆಗಿ ಬಂದದ್ದು 2021ರಲ್ಲಿ. ಇಂಥ ಸ್ಥಿತಿಯಲ್ಲಿ ಹೆಚ್ಚಿನ ಬ್ಯಾಂಡುಗಳು ಅಂಗಡಿ ಮುಚ್ಚುತ್ತವೆ.

ಟ್ರೈಲಜಿ ಕೇಳಿದ ಮೇಲೆ ನಾನು ಹೋಗಿ ತೆಗೆದದ್ದು ಮೈ ಡೈಯಿಂಗ್ ಬ್ರೈಡ್ ಬ್ಯಾಂಡಿನ 1993ರ ‘ಟರ್ನ್ ಲೂಸ್ ದ ಸ್ವಾನ್ಸ್’. ಇಂಗ್ಲೆಂಡಿನ ಯಾರ್ಕ್‌ಶೈರಿನವರು. ಪಿಟೀಲು, ಭಾರದ ಗಿಟಾರು, ಸಾವಕಾಶದ ದುಃಖ. ಡೂಮ್ ಮೆಟಲ್ ಎಂಬ ಈ ನಿಧಾನದ ಮೆಟಲ್ ಮೂವತ್ತು ವರ್ಷದಿಂದ ಮಾಡುತ್ತಿರುವ ಕೆಲಸವನ್ನು ಲೋರ್ನಾ ಶೋರ್ ಇನ್ನೊಂದು ದಾರಿಯಲ್ಲಿ ಹೋಗಿ ಮುಟ್ಟಿದೆ ಎಂದು ನನ್ನ ವಾದ. ಅಕ್ಕನ ಮಗನಿಗೆ ಅದನ್ನು ಕಳಿಸಿದೆ. ರಾತ್ರಿ ಫೋನ್ ಬಂತು.

"ಮಾವ, ಇದರಲ್ಲಿ ಬ್ರೇಕ್‌ಡೌನ್ ಯಾವಾಗ ಬರ್ತದೆ?"

"ಇಡೀ ಹಾಡೇ ಅದು ಮಾರಾಯ."

"ಎಂತ ಸಾವು! ಡ್ರಮ್ಮರ್ ನಿದ್ದೆ ಮಾಡಿದ್ದಾನೆ ಅಂತ ನಾನು ಫಾರ್ವರ್ಡ್ ಮಾಡಿದೆ."

ಅವನಿಗೆ ನನ್ನ ವಾದ ಒಪ್ಪಿಗೆಯಿಲ್ಲ. ಅವನ ಪ್ರಕಾರ ಬ್ಲಾಸ್ಟ್ ಬೀಟ್ ಇಲ್ಲದಿದ್ದರೆ ಆ ನಿಧಾನಕ್ಕೆ ಬೆಲೆಯೇ ಇಲ್ಲ, ಓಡಿ ಬಂದು ನಿಂತರೆ ಮಾತ್ರ ಏದುಸಿರು ಕೇಳುವುದು. ಮಾತಿನಲ್ಲಿ ತೂಕ ಇದೆ, ಅವನ ಎದುರು ಒಪ್ಪಿಕೊಳ್ಳಲಿಲ್ಲ ಅಷ್ಟೆ.

2025ರ ಸೆಪ್ಟೆಂಬರಿನಲ್ಲಿ ಇವರ ಮುಂದಿನ ಆಲ್ಬಮ್ ಬಂದಿದೆ, ‘ಐ ಫೀಲ್ ದ ಎವರ್‌ಬ್ಲ್ಯಾಕ್ ಫೆಸ್ಟರಿಂಗ್ ವಿದಿನ್ ಮಿ’ ಎಂಬ ಉದ್ದದ ಹೆಸರು. ಅದರ ಬಗ್ಗೆ ಬರೆಯುವಷ್ಟು ಅದು ಇನ್ನೂ ನನ್ನೊಳಗೆ ಇಳಿದಿಲ್ಲ. ಉಳಿದ ಡೆತ್‌ಕೋರ್ ಬ್ಯಾಂಡುಗಳ ಪಟ್ಟಿಯೊಂದನ್ನೂ ಅವನು ಕಳಿಸಿದ್ದಾನೆ. ಹೆಚ್ಚಿನವನ್ನು ಒಂದು ಹಾಡಿಗೇ ಬಿಟ್ಟೆ. ಮೊದಲಿನ ಅದೇ ತಕರಾರು.

‘ಪೇನ್ ರಿಮೇನ್ಸ್’ ಕೇಳುವ ಮನಸ್ಸಿರುವ ಹಳಬರಿಗೆ ಹೇಳುವುದಾದರೆ, ಎಂಟನೇ ಹಾಡಿನಿಂದಲೇ ಶುರು ಮಾಡಿ, ಹತ್ತರವರೆಗೆ ನಿಲ್ಲಿಸಬೇಡಿ. ಹಿಡಿಸಿದರೆ ಮಾತ್ರ ಮೊದಲಿಗೆ ಬನ್ನಿ. ಫೋನಿನ ಸ್ಪೀಕರಿನಲ್ಲಿ ಬೇಡವೇ ಬೇಡ, ಬರೀ ಚರಚರ ಕೇಳುತ್ತದೆ. ಕಾರಿನಲ್ಲಾದರೆ ಅಮ್ಮನನ್ನು ಇಳಿಸಿದ ಮೇಲೆ ಹಾಕಿ. ನಮ್ಮಮ್ಮ ಎರಡು ನಿಮಿಷ ಕೇಳಿ "ಇವನಿಗೆ ಕುಡಿಯಲಿಕ್ಕೆ ಯಾರಾದರೂ ನೀರು ಕೊಡಿ" ಅಂದಿದ್ದರು.